ಅಂತೋನಿ ಎಂಬ ಕುದುರೆ

ಬೂದಿ ಬುಧವಾರದ ಮೊದಲ ಪೂಜೆಗೆ ಹೋಗಿ, ಫಾದರ್ ಕೈಯಿಂದ ಹಣೆಗೆ ಬೂದಿಯ ಶಿಲುಬೆ ಹಾಕಿಸಿಕೊಂಡು, ತುಕಾರಾಮ ನೇರವಾಗಿ ಕಚೇರಿಗೆ ಬಂದದ್ದೇ ಎಲ್ಲ ಅನಾಹುತಕ್ಕೂ ಮೂಲ. ಮನೆಗೆ ಹೋಗಿ ಮುಖ ತೊಳೆದು ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಆ ದಿನ ಹೊಸ ಸಾಹೇಬರು ಬರುವವರಿದ್ದರು, ತುಕಾರಾಮನ ಬಾಳೆಲ್ಲ ಅವರ ಪೆನ್ನಿನ ತುದಿಯಲ್ಲಿತ್ತು.

ಬಾಳೆಂದರೆ ಬೇರೇನಲ್ಲ, ಕಮಲಾಪುರ. ಹೆಂಡತಿ ಶೇವಂತಾ ಹಸುಗೂಸಿನೊಂದಿಗೆ ಅಲ್ಲಿದ್ದಳು. ಇವನು ಕಲಬುರಗಿಯ ಕಚೇರಿಯಲ್ಲಿ ಚಪರಾಸಿ, ಒಬ್ಬನೇ ರೊಟ್ಟಿ ಬಡಿದುಕೊಂಡು ತಿನ್ನುತ್ತಿದ್ದ. ಭಾನುವಾರ ಪೂಜೆ ಮುಗಿಸಿ ಮೋಟಾರು ಹತ್ತಿ ಹೋದರೆ, ಮಗು ಅಪ್ಪನ ಗುರುತು ಹಿಡಿಯುವಷ್ಟರಲ್ಲಿ ತಿರುಗಿ ಹೊರಡುವ ಹೊತ್ತಾಗುತ್ತಿತ್ತು. ಈಗ ಕಮಲಾಪುರದಲ್ಲಿ ಚಪರಾಸಿ ಜಾಗ ಖಾಲಿಯಾಗಿತ್ತು. ಹೊಸ ಸಾಹೇಬರು ಮನಸ್ಸು ಮಾಡಿದರೆ ಬದಲಿ ಆದಂತೆಯೇ.

ಪೊಲೀಸ್ ಆ್ಯಕ್ಷನ್ ಆಗಿ ಆರು ತಿಂಗಳೂ ಕಳೆದಿರಲಿಲ್ಲ. ಹಳೆಯ ಉರ್ದು ಸಾಹೇಬರು ಹೋಗಿ ಮುಂಬಯಿ, ಮದರಾಸಿನ ಕಡೆಯವರು ಬರುತ್ತಿದ್ದ ಕಾಲ. ಈಗ ಬಂದವರ ಹೆಸರು ರಾಯಪ್ಪ, ಊರು ಕೊಳ್ಳೇಗಾಲದ ಹತ್ತಿರ. ಬಾಗಿಲಲ್ಲಿ ಟೋಪಿ ತೆಗೆದರೆ ಹಣೆಯ ತುಂಬ ಬೂದಿ! ಸಲಾಮು ಹೊಡೆದು ನಿಂತ ತುಕಾರಾಮನ ಹಣೆಯನ್ನು ಅವರೂ ನೋಡಿದರು. ರುಮಾಲಿನ ಒತ್ತಿಗೆ ಅಲ್ಲಿದ್ದ ಶಿಲುಬೆ ಕದಡಿ ಹೋಗಿತ್ತು.

"ವಿಭೂತಿ ಇಟ್ಟುಕೊಂಡು ಬಂದಿದೀಯೇನಪ್ಪಾ?"

"ಹೌದ್ರೀ ಸಾಹೇಬ್ರ," ಎಂದಿತು ತುಕಾರಾಮನ ಬಾಯಿ, ಅವನನ್ನು ಕೇಳದೆಯೇ.

"ಒಳ್ಳೇದು, ಒಳ್ಳೇದು," ಎಂದು ಸಾಹೇಬರು ನಕ್ಕು ಒಳಗೆ ಹೋದರು.

ಮುನಶಿ ಗುಂಡಣ್ಣ ಅವನ ರಟ್ಟೆ ಹಿಡಿದು ಮೂಲೆಗೆಳೆದ. ಯಾರೂ ಕೇಳದಿದ್ದರೂ ಉಪಕಾರ ಮಾಡುವುದು ಗುಂಡಣ್ಣನ ದೊಡ್ಡ ರೋಗ.

"ಕೇಳಿದೇನೋ ತುಕ್ಯಾ? ವಿಭೂತಿ ಅಂದ್ರು! ಹೆಸರು ರಾಯಪ್ಪ, ಸೀಮಿ ಮಾದೇಶ್ವರಂದು. ಪಕ್ಕಾ ಲಿಂಗವಂತರು. ನೀ ಕ್ರಿಸ್ತಾನ ಅಂತ ಗೊತ್ತಾದ್ರ ಬದಲಿ ಕೊಡ್ತಾರೇನು?"

"ಮತ್ತೇನ್ ಮಾಡ್ಲಿರೀ ಮುನಶಿಯವ್ರ?"

"ನಾ ಅದೀನಲ್ಲ!"

ಗುಂಡಣ್ಣ ಎದುರಿನ ಚಹಾದಂಗಡಿಯ ಒಲೆಯಿಂದ ಮುಷ್ಟಿ ತುಂಬ ಬೂದಿ ತಂದು, ಮೂರು ಬೆರಳಿನಿಂದ ಈ ಕಿವಿಯಿಂದ ಆ ಕಿವಿಗೆ ಎಳೆದ. ಎರಡು ಸೀನು ಸೀನಿ ತಲೆಯೆತ್ತಿದ ತುಕಾರಾಮ ಅರ್ಧ ಸುಣ್ಣ ಬಳಿದ ಗೋಡೆಯಂತೆ ಕಂಡ. "ಮಾತು ಮಾತಿಗೆ ಶರಣು ಅನ್ನು," ಎಂಬ ಅಪ್ಪಣೆಯೂ ಆಯಿತು.

ಮಧ್ಯಾಹ್ನ ಗುಂಡಣ್ಣ ಸಾಹೇಬರಿಗೆಂದು ಮನೆಯಿಂದ ಹೋಳಿಗೆ ತರಿಸಿದ. ಸಾಹೇಬರು, "ಇವತ್ತು ಉಪವಾಸ," ಎಂದು ತಟ್ಟೆ ಸರಿಸಿದರು.

"ಸೋಮವಾರ ಉಪಾಸ ಇರೋರನ್ನ ನೋಡೀನಿ. ಬುಧವಾರಾನೂ ಇರ್ತಾರಂದ್ರ ಬಾಳ ಕಟ್ಟಾ ಮನಶ್ಯಾ," ಎಂದು ಹೊರಗೆ ಬಂದ ಗುಂಡಣ್ಣ ಪಿಸುಗುಟ್ಟಿ, ತಟ್ಟೆಯನ್ನು ತುಕಾರಾಮನ ಮುಂದಿಟ್ಟ. ತುಕಾರಾಮನಿಗೂ ಉಪವಾಸವೇ. ಆದರೆ ಉಳಿದ ಇಬ್ಬರು ಚಪರಾಸಿಗಳೂ ಗುಮಾಸ್ತರೂ ನೋಡುತ್ತಿರುವಾಗ ಬೇಡ ಎಂದರೆ ಯಾಕೆ ಎಂದು ಕೇಳುವರು. ಪಾಪ, ಕಣ್ಣೀರು ಒರೆಸಿಕೊಳ್ಳುತ್ತಲೇ ನಾಲ್ಕು ಹೋಳಿಗೆ ತಿಂದ. ಕಣ್ಣೀರು ದೇವರಿಗೆ, ಹೋಳಿಗೆ ಗುಂಡಣ್ಣನಿಗೆ.

ಕೈ ತೊಳೆಯುವಷ್ಟರಲ್ಲಿ ಸಾಹೇಬರು ಇಬ್ಬರನ್ನೂ ಕರೆದರು.

"ಈ ಕಚೇರಿಯಲ್ಲಿ ಅಂತೋನಿ ಅನ್ನೋರು ಯಾರು?"

ಅಂತೋನಿ ಎನ್ನುವುದು ತುಕಾರಾಮನಿಗೆ ಜ್ಞಾನಸ್ನಾನದಲ್ಲಿ ಇಟ್ಟ ಹೆಸರು. ಕಚೇರಿಯಲ್ಲಿ ಅದು ಗೊತ್ತಿದ್ದದ್ದು ಗುಂಡಣ್ಣನಿಗೊಬ್ಬನಿಗೇ. ಯಾರೋ ಚಾಡಿ ಹೇಳಿದ್ದಾರೆಂದು ಇಬ್ಬರಿಗೂ ಖಾತ್ರಿಯಾಯಿತು.

"ಅಂಥವ್ರು ಯಾರೂ ಇಲ್ರೀ. ಇಲ್ಲಿರೋರೆಲ್ಲಾ ನಮ್ಮ ಮಂದಿನೇ," ಎಂದ ಗುಂಡಣ್ಣ.

"ನಿನಗೆ ಗೊತ್ತೇನಪ್ಪಾ?"

"ಶರಣು ಸಾಹೇಬ್ರ! ಆ ಹೆಸರೇ ಕೇಳಿಲ್ರೀ," ಎಂದ ಅಂತೋನಿ.

ಸಂತ ಪೇತ್ರ ತನ್ನ ಗುರುವನ್ನೇ ಅರಿಯೆನೆಂದಾಗ ಕೋಳಿ ಕೂಗಿತ್ತಂತೆ; ಇದು ಕೋಳಿ ಕೂಗುವ ಹೊತ್ತಲ್ಲವಾದ್ದರಿಂದ, ಕಿಟಕಿಯಾಚೆ ಟಾಂಗಾದ ಲಾಲ್ ಅಹ್ಮದ್ ಕೂಗಿದ. ಅವನು ತುಕಾರಾಮನ ಪಕ್ಕದ ಮನೆಯವನು. "ಅಂತೋನೀ! ಓ ಅಂತೋನಿ ಭಾಯ್! ಫಾದರ್ ಸಾಬ್ ನಿನ್ನ ಕೇಳಾಕತ್ಯಾರ, ಜಲ್ದಿ ಬಾರೋ!"

ಸಾಹೇಬರ ಹುಬ್ಬು ಮೇಲೇರಿತು. "ಅವನು ಕರೀತಿರೋದು ಯಾರನ್ನ?"

"ಕುದುರಿನ್ರೀ," ಎಂದ ತುಕಾರಾಮ. "ಅದರ ಹೆಸರು ಅಂತೋನಿ ಐತ್ರೀ."

ಕುದುರೆ ಅದೇ ಹೊತ್ತಿಗೆ ಕೆನೆದು ಓಗೊಟ್ಟಿತು. ಸಾಹೇಬರ ಮುಖ ಕೆಂಪಗಾಯಿತು. ಆಗಲೇ ಖಾಲಿ ಜಾಗಕ್ಕೆ ಹುಕುಂ ಬರೆದು, ರುಜು ಹಾಕಿ, ಕಮಲಾಪುರದ ಮೋಟಾರಿಗೆ ಕಳಿಸಿಬಿಟ್ಟರು.

ಸ್ವಲ್ಪ ಹೊತ್ತಿಗೆ ವರಾಂಡದಲ್ಲಿ ಅಳು ಕೇಳಿಸಿತು. ಅತ್ತವನು ಇನ್ನೊಬ್ಬ ಚಪರಾಸಿ ಪೀರಪ್ಪ. ಕಮಲಾಪುರದ ಬದಲಿ ಅವನಿಗೆ ಬಿದ್ದಿತ್ತು! ಅವನ ಅತ್ತೆಯ ಮನೆ ಅಲ್ಲಿ; ಆಕೆಯ ಬಾಯಿಗೆ ಹೆದರಿ ಆ ದಿಕ್ಕಿಗೆ ತಲೆಯಿಟ್ಟು ಮಲಗದವನು ಅವನು.

ತುಕಾರಾಮ ಹೊಟ್ಟೆಗೆ ಬೆಂಕಿ ಬಿದ್ದವನಂತೆ ಸಾಹೇಬರ ಕೋಣೆಗೆ ನುಗ್ಗಿದ. ಸಾಹೇಬರು ಕಣ್ಣು ಮುಚ್ಚಿ ಜಪಸರ ಎಣಿಸುತ್ತಿದ್ದರು. ಸರದ ತುದಿಯಲ್ಲಿ ಶಿಲುಬೆ ತೂಗುತ್ತಿತ್ತು.

"ಸಾಹೇಬ್ರ, ನೀವು... ನೀವೂ?"

"ಯಾಕಪ್ಪಾ? ರಾಯಪ್ಪ ಅಂದ್ರೆ ನಮ್ಮ ಕಡೆ ಸಂತ ಪೇತ್ರರ ಹೆಸರು. ಬೆಳಿಗ್ಗೆ ಎರಡನೇ ಪೂಜೇಲಿ ನಾನೂ ವಿಭೂತಿ ಇಡಿಸಿಕೊಂಡೆ. ಇವತ್ತು ವಿಭೂತಿ ಬುಧವಾರ ಅಲ್ವೇ?"

ಇಲ್ಲಿನ ಬೂದಿ ಅಲ್ಲಿ ವಿಭೂತಿಯಾಗಿತ್ತು.

"ಫಾದರ್ ಹೇಳಿದ್ರು, ನಿಮ್ಮ ಕಚೇರೀಲಿ ಅಂತೋನಿ ಇದಾನೆ, ಹೆಂಡತಿ ಮಗು ಕಮಲಾಪುರದಲ್ಲಿ, ಅಲ್ಲಿಗೆ ಹಾಕಿಕೊಡಿ ಅಂತ. ಹುಡುಕಿದ್ರೆ ಸಿಕ್ಕಿದ್ದು ಒಂದು ಕುದುರೆ! ಅದಕ್ಕೇ ಆ ಜಾಗಕ್ಕೆ ಪೀರಪ್ಪನ್ನ ಹಾಕಿದೆ."

"ನಾನೇ ರೀ ಆ ಕುದುರಿ! ಅಲ್ಲಲ್ಲ, ನಾನೇ ರೀ ಅಂತೋನಿ!" ಎಂದು ತುಕಾರಾಮ ರುಮಾಲಿನಿಂದ ಹಣೆ ತಿಕ್ಕಿಕೊಳ್ಳುತ್ತ ಗಳಗಳನೆ ಅತ್ತುಬಿಟ್ಟ.

ಎಲ್ಲ ಕೇಳಿದ ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಪಾಪ ಎನಿಸಿತು. "ಬಂದ ದಿನವೇ ಬರೆದ ಹುಕುಂ ವಾಪಸು ತಗೊಂಡ್ರೆ ನನ್ನ ಮಾತು ಯಾರು ಕೇಳ್ತಾರಪ್ಪಾ? ಬೇಜಾರು ಮಾಡ್ಕೋಬೇಡ. ಈ ಊರಲ್ಲಿ ನಾನೂ ಒಂಟಿ. ನಾಳೆಯಿಂದ ಐವಾನ್-ಎ-ಶಾಹಿಯ ನನ್ನ ಬಂಗಲೇಲೇ ಇದ್ದುಬಿಡು. ಈಸ್ಟರ್‌ವರೆಗೂ ದಿನಾ ಬೆಳಿಗ್ಗೆ ಪೂಜೆ, ಶುಕ್ರವಾರ ಶಿಲುಬೆ ಹಾದಿ, ಭಾನುವಾರ ಬೆಳಗಿಂದ ಸಂಜೇವರೆಗೂ ಜಪ. ಎಲ್ಲಾ ಒಟ್ಟಿಗೇ ಮಾಡೋಣ!"

ಭಾನುವಾರ ಎಂದದ್ದೇ ತಡ, ತುಕಾರಾಮನಿಗೆ ತಾನಿಲ್ಲದೆ ಹೊರಟ ಮೋಟಾರು ಕಂಡಿತು. ಮಗುವನ್ನು ಸೊಂಟದಲ್ಲಿಟ್ಟುಕೊಂಡು ದಾರಿ ಕಾಯುವ ಶೇವಂತಾಳೂ ಕಂಡಳು.

"ಸಂತೋಷ ತಾನೇ ಅಂತೋನಿ?" ಎಂದು ಸಾಹೇಬರು ಬೆನ್ನು ತಟ್ಟಿದರು.

"ಬಾಳ ಸಂತೋಷ ಆತ್ರೀ," ಎಂದ ತುಕಾರಾಮ.

ಸಾಹೇಬರು ಅದನ್ನೂ ನಂಬಿದರು.