ನಾನು ಗಟ್ಟಿ ಮಾಡಿದ ಬೋಟು

ಬೋಟು ಎಂದರೆ ಏನು? ಬೋರಲು ಹಾಕಿದ ಚಾವಣಿ! ಕತಾರಿನಲ್ಲಿ ಏಳು ವರ್ಷದಿಂದ ಚಾವಣಿಗಳಿಗೆ ಷಟರಿಂಗ್, ಅಂದರೆ ಕಾಂಕ್ರೀಟ್ ಹೊಯ್ಯುವ ಹಲಗೆಯ ಅಚ್ಚು, ಹಾಕಿಸುತ್ತಿರುವ ಸೂಪರ್‌ವೈಸರ್ ನಾನು. ಹನ್ನೆರಡು ಅಡಿಯ ಅಲ್ಯುಮಿನಿಯಂ ಬೋಟೊಂದನ್ನು ಮೀನು ಹಿಡಿಯಲು ಸಜ್ಜು ಮಾಡುವುದು ನನಗೆ ಯಾವ ಮಹಾ ಕೆಲಸ? ಹಾಗೆಂದು ಪ್ರಾಮಾಣಿಕವಾಗಿ ನಂಬಿದ್ದೆ.

ಬೋಟು ಪುಕ್ಕಟೆ ಸಿಕ್ಕಿತ್ತು. ಕೆಲಸ ಮುಗಿಸಿ ದೇಶ ಬಿಟ್ಟ ಸಹೋದ್ಯೋಗಿಯೊಬ್ಬ ದೋಹಾ ಪಕ್ಕದ ಮುಐದರಿನ ನಮ್ಮ ವಿಲ್ಲಾದ ಅಂಗಳದಲ್ಲಿ ಅದನ್ನು ಇಳಿಸಿ, ಕಾಗದಪತ್ರ ನನ್ನ ಹೆಸರಿಗೆ ಮಾಡಿಕೊಟ್ಟು ಹೋದ. ಇಬ್ಬರೇ ಎತ್ತಿ ಇಳಿಸಿದ್ದರು. ಅದೇ ವಾರ ಮಾವ ಊರಿನಿಂದ ಬಂದರು.

ಮಾವ ಮಲ್ಪೆಯವರು. ನಲವತ್ತು ವರ್ಷ ಸಮುದ್ರದ ಮೇಲೆಯೇ ಬದುಕಿದವರು. ನಾನು ಗದಗ ಕಡೆಯವನು, ಮದುವೆಗೆ ಮುಂಚೆ ಸಮುದ್ರ ನೋಡಿದ್ದು ಕ್ಯಾಲೆಂಡರಿನಲ್ಲಿ. ಹೆಣ್ಣು ನೋಡಲು ಹೋದ ದಿನ ಅವರು ಒಂದೇ ಪ್ರಶ್ನೆ ಕೇಳಿದ್ದರು.

"ಈಜು ಬರ್ತದಾ?"

"ನಮ್ಮೂರಾಗ ಕೆರಿ ಐತ್ರೀ," ಎಂದಿದ್ದೆ.

"ಹೌದಾ," ಎಂದಿದ್ದರು.

ಅಷ್ಟೇ! ಆ 'ಹೌದಾ' ಎಂಟು ವರ್ಷದಿಂದ ನನ್ನ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಹೆಣ್ಣು ಕೊಟ್ಟರು, ನಿಜ. ಆದರೆ ಮೆಚ್ಚಿ ಕೊಟ್ಟರೋ, ಹೋಗಲಿ ಪಾಪ ಎಂದು ಕೊಟ್ಟರೋ ಇಂದಿಗೂ ಗೊತ್ತಿಲ್ಲ. ಮಾವ ವಾಪಸ್ ವಿಮಾನ ಹತ್ತುವುದರೊಳಗೆ ಅವರ ಬಾಯಿಂದ ಒಂದು 'ಲಾಯ್ಕುಂಟು', ಅಂದರೆ ಅವರ ಕಡೆಯ 'ಚೆನ್ನಾಗಿದೆ', ಹೊರಡಿಸಲೇಬೇಕೆಂದು ಶಪಥ ಮಾಡಿದೆ.

ಅಮೆರಿಕದವನೊಬ್ಬ ಇಂಥದ್ದೇ ಬೋಟನ್ನು ಬಾಸ್ ಎಂಬ ಕೆರೆಮೀನು ಹಿಡಿಯಲು ಅಣಿಮಾಡುವ ವಿಡಿಯೋ ನೋಡಿದೆ. ನಿಂತು ಗಾಳ ಎಸೆಯಲು ಹಲಗೆಯ ನೆಲ, ಅದರ ಮೇಲೆ ಕಾರ್ಪೆಟ್, ಕೂರಲು ತಿರುಗುವ ಕುರ್ಚಿ. ಐಡಿಯಾ ಹಿಡಿಸಿತು, ಕೆಲಸ ಹಿಡಿಸಲಿಲ್ಲ. ಎಲ್ಲವೂ ತೆಳು! ನಮ್ಮ ಸೈಟಿನಲ್ಲಾಗಿದ್ದರೆ ಇನ್‌ಸ್ಪೆಕ್ಷನ್ನಿನಲ್ಲಿ ಅವನನ್ನು ಮನೆಗೆ ಕಳಿಸುತ್ತಿದ್ದರು.

ಡ್ರಾಯಿಂಗಿನಲ್ಲಿ ಒಂದು ಆಸರೆ ತೋರಿಸಿದ್ದರೆ ಎರಡು ಕೊಡುವವನು ನಾನು. ಹದಿನೆಂಟು ಎಂಎಂ ಷಟರಿಂಗ್ ಪ್ಲೈವುಡ್ ತಂದೆ. ಅದರಡಿಗೆ ಕಬ್ಬಿಣದ ಪೈಪು. ಆ ಪೈಪಿಗೆ ಆಸರೆಯಾಗಿ ಇನ್ನೊಂದು ಪೈಪು. ಪ್ರತಿ ಬೋಲ್ಟಿಗೂ ಎರಡೆರಡು ನಟ್ಟು. ಆಫೀಸಿನ ಗುಜರಿಯಿಂದ ತಿರುಗುವ ಕುರ್ಚಿ. ಮಾವನಿಗೆ ಸೆಕೆಯಾಗಬಾರದೆಂದು ಟೇಬಲ್ ಫ್ಯಾನು, ಅದಕ್ಕೊಂದು ಲಾರಿ ಬ್ಯಾಟರಿ. ಆಗ ಚಳಿಗಾಲ, ಆ ಮಾತು ಬೇರೆ. ನೆರಳಿಗೆ ದೊಡ್ಡ ಕೊಡೆ. ಕೊಡೆ ನಿಲ್ಲಿಸಲು ನಡುವೆ ಪೈಪಿಟ್ಟು ಎರಕ ಹೊಯ್ದ ಒಂದು ಬಕೆಟ್ ಕಾಂಕ್ರೀಟು!

ಮಾವ ದಿನಾ ಸಂಜೆ ಮೆಟ್ಟಿಲ ಮೇಲೆ ಚಹಾ ಹಿಡಿದು ಕೂತು ಇದನ್ನೆಲ್ಲ ನೋಡುತ್ತಿದ್ದರು. ಅಳಿಯನ ಕೆಲಸಕ್ಕೆ ಬಾಯಿ ಹಾಕುವ ಜಾಯಮಾನ ಅವರದಲ್ಲ.

"ಅಪ್ಪನತ್ರ ಒಂದು ಮಾತು ಕೇಳಿ ಮಾರಾಯ್ರೆ," ಎಂದಳು ಹೆಂಡತಿ ಶ್ವೇತಾ.

"ನೀ ಸುಮ್ಕಿರು. ಮಾವಾರಿಗೆ ಸರ್ಪ್ರೈಜ್ ಐತಿ."

"ಅವರು ಎದುರೇ ಕೂತಿದ್ದಾರಲ್ಲ! ಸರ್ಪ್ರೈಸ್ ಯಾರಿಗೆ? ಅದಿರ್ಲಿ, ಹಾಲಿನ ಕಾರ್ಪೆಟ್ ಎಲ್ಲಿ?"

ನಾನು ಸುತ್ತಿಗೆಯ ಸದ್ದು ಜೋರು ಮಾಡಿದೆ.

ಕೊನೆಗೊಮ್ಮೆ ಮಾವ ತಡೆಯಲಾರದೆ ಕೆಮ್ಮಿದರು. "ಅಳಿಯಂದಿರೇ, ಸ್ವಲ್ಪ ಭಾರ ಆಯ್ತಾ ಅಂತ..."

"ಭಾರ ಇದ್ರನ ಗಟ್ಟಿ, ಮಾವಾರ!"

"ಹೌದಾ," ಎಂದರು. ಅದು ಎರಡನೆಯ 'ಹೌದಾ'.

ಗುರುವಾರ ಸಂಜೆ ಪೂಜೆ. ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಹೊಸ ಲಾರಿಯ ಮುಂದೆ ನಮ್ಮೂರಲ್ಲಿ ಒಡೆಯುವ ಹುಮ್ಮಸ್ಸಿನಲ್ಲಿ ಕಾಯಿ ಎತ್ತಿದೆ. "ಮೆಲ್ಲ, ಅದು ತಗಡು, ನೆಲಕ್ಕೆ ಒಡೀರಿ," ಎಂದು ಮಾವ ಹೇಳುವಷ್ಟರಲ್ಲಿ ಬೋಟಿನ ಮೂತಿಗೇ ಬಾರಿಸಿಯಾಗಿತ್ತು. ಕಾಯಿ ಒಡೆಯಲಿಲ್ಲ. ಬೋಟಿಗೆ ತಗ್ಗು ಬಿತ್ತು!

ಶುಕ್ರವಾರ ಬೆಳಿಗ್ಗೆ ವಿಲ್ಲಾದ ಇನ್ನೊಂದು ಭಾಗದಲ್ಲಿರುವ ಬಂಟ್ವಾಳದ ಹಮೀದ್ ಭಾಯ್ ತಮ್ಮ ಪಿಕಪ್ ತಂದರು. ಇಬ್ಬರು ಇಳಿಸಿದ್ದ ಬೋಟನ್ನು ಎತ್ತಲು ಈಗ ಎಂಟು ಜನ ಬೇಕಾದರು.

"ಇದು ಬೋಟಾ ಬಿಲ್ಡಿಂಗಾ ಮಾರಾಯಾ?" ಎಂದು ಹಮೀದ್ ಭಾಯ್ ಸೊಂಟ ಹಿಡಿದುಕೊಂಡರು.

"ಯಲ್ಲಾ, ಯಲ್ಲಾ!" ಎಂದು ನಾನು ಸೈಟಿನ ಗತ್ತಿನಲ್ಲಿ ಕೂಗಿದೆ.

ಅಲ್ ಖೋರ್ ದಾಟಿದ ಮೇಲೆ ಒಂದು ತೀರ. ಅಲ್ಲಿ ಎಷ್ಟು ದೂರ ನಡೆದರೂ ನೀರು ಮೊಣಕಾಲಿಗೇ. ದಡದಲ್ಲಿದ್ದ ನಾಲ್ವರನ್ನು ಸೇರಿಸಿಕೊಂಡು ಬೋಟನ್ನು ನೀರಿಗೆ ನೂಕಿದೆವು. ತೇಲಿತು! ಮಾವ ಹಗುರವಾಗಿ ಹತ್ತಿ ಒಂದು ಮೂಲೆಯಲ್ಲಿ ಕೂತರು. ನಾನು ಲೈಫ್ ಜಾಕೆಟ್ ತೊಟ್ಟು, ಗಾಳ ಹಿಡಿದು, ತಿರುಗುವ ಕುರ್ಚಿಯ ಮೇಲೆ ಸಕಲ ಗಾಂಭೀರ್ಯದಿಂದ ಆಸೀನನಾದೆ.

ಬೋಟೂ ಆಸೀನವಾಯಿತು. ತಳ ಮರಳಿಗೆ ತಾಗಿತು, ಅಂಚಿನ ಮೇಲಿಂದ ನೀರು ಒಳಗೆ ಬಂತು, ಕಾರ್ಪೆಟ್ಟು ಅದನ್ನು ಸಂತೋಷದಿಂದ ಕುಡಿಯಿತು. ಕುರ್ಚಿಗೆ ಗಾಲಿಗಳಿದ್ದ ವಿಷಯ ಆಗ ನೆನಪಾಯಿತು. ಅದು ನನ್ನನ್ನು ಹೊತ್ತು ಮೆಲ್ಲಗೆ ಹಿಂದಕ್ಕೆ ಉರುಳಿ, ನೇರವಾಗಿ ಸಮುದ್ರಕ್ಕೆ ಇಳಿಸಿತು. ಮೊಣಕಾಲಿನ ನೀರಿನಲ್ಲಿ ಲೈಫ್ ಜಾಕೆಟ್ ತೊಟ್ಟು ಕೈಕಾಲು ಬಡಿದೆ!

ಮಾವ ನಗಲಿಲ್ಲ. ಅವರು ನಕ್ಕುಬಿಟ್ಟಿದ್ದರೆ ಚೆನ್ನಾಗಿತ್ತು. ಲುಂಗಿ ಎತ್ತಿ ಕಟ್ಟಿ, "ಸ್ಪ್ಯಾನರ್ ಉಂಟಾ?" ಎಂದರು.

ಫ್ಯಾನು ಇಳಿಯಿತು. ಬ್ಯಾಟರಿ ಇಳಿಯಿತು. ಕುರ್ಚಿ, ಕೊಡೆ, ಕಾಂಕ್ರೀಟು, ಕಾರ್ಪೆಟ್ಟು ಇಳಿದವು. ಹಲಗೆ ಬಿಚ್ಚಲು ಎರಡು ಗಂಟೆ ಹಿಡಿಯಿತು. "ನಟ್ಟಿನ ಮೇಲೆ ನಟ್ಟು ಹಾಕಿದ ಪುಣ್ಯಾತ್ಮ ಯಾರು?" ಎಂದು ಹಮೀದ್ ಭಾಯ್ ಪ್ರತಿ ಬೋಲ್ಟಿಗೊಮ್ಮೆ ಕೇಳಿದರು. ಕೊನೆಗೆ ಬೋಟು ನನಗೆ ಸಿಕ್ಕಿದ ದಿನದಂತೆಯೇ ಬರೀ ತಗಡಾಯಿತು, ಮೂತಿಯ ತಗ್ಗೊಂದನ್ನು ಬಿಟ್ಟು.

"ಈಗ ಸಮ ಆಯ್ತು," ಎಂದರು ಮಾವ. ನಾನು ಉತ್ಸಾಹದಿಂದ ಹತ್ತಿದೆ. ಬೋಟು ಒಂದು ಕಡೆಗೆ ವಾಲಿ ಮತ್ತೆ ನೀರು ಕುಡಿಯಿತು. ಮಾವ ಬಹಳ ಸಂಕೋಚದಿಂದ ನನ್ನ ಹೊಟ್ಟೆಯನ್ನೂ ಆಮೇಲೆ ಆಕಾಶವನ್ನೂ ನೋಡಿದರು. "ಅಳಿಯಂದಿರೇ, ಬೇಜಾರು ಮಾಡ್ಬೇಡಿ. ಇನ್ನೊಂದೇ ಭಾರ ಉಂಟು."

ಇಳಿದೆ.

"ಆ ಕಾಂಕ್ರೀಟ್ ಇತ್ತ ಕೊಡಿ. ಲಂಗರಿಗೆ ಆಗ್ತದೆ."

ಕೊಟ್ಟೆ. ನನಗೆ ಜಾಗವಿಲ್ಲದ ಬೋಟಿನಲ್ಲಿ ನನ್ನ ಒಂದು ಬಕೆಟ್ ಕಾಂಕ್ರೀಟಿಗೆ ಜಾಗವಿತ್ತು. ಮಾವ ಹುಟ್ಟು ಹಾಕುತ್ತ ಹೊರಟರು. ಹೊಟ್ಟೆಕಿಚ್ಚೆಂದರೆ ಏನೆಂದು ಆಗ ತಿಳಿಯಿತು, ಅದೂ ಕಾಂಕ್ರೀಟಿನ ಮೇಲೆ!

ದಡದಲ್ಲಿ ಕಾರ್ಪೆಟ್ ಒಣಹಾಕಿ, ಅದರ ಮೇಲೆ ಕುರ್ಚಿಯಿಟ್ಟು, ಬುಡವಿಲ್ಲದ ಕೊಡೆಯನ್ನು ಕೈಯಲ್ಲೇ ಹಿಡಿದು ಕೂತೆ. ಕಾರೊಂದು ಬಂದು ನಿಂತಿತು. ಕಿಟಕಿ ಇಳಿಯಿತು. "ಭಾಯ್, ದೋ ಕರಕ್ ಚಾಯ್!"

"ಇಲ್ಲಿ ಚಹಾ ಮಾಫಿ," ಇಲ್ಲ ಎಂದು ಅರಬ್ಬಿಯಲ್ಲೇ ಹೇಳಿ ಕಳಿಸಿದೆ. ಆಮೇಲೆ ಇನ್ನೂ ಮೂರು ಕಾರು ಬಂದವು.

ಮಧ್ಯಾಹ್ನ ಮಾವ ಇಲ್ಲಿನವರು ಶೇರಿ ಎನ್ನುವ ಜಾತಿಯ ಐದು ಮೀನು ಹಿಡಿದು ಬಂದರು. ಮನೆಯಲ್ಲಿ ಶ್ವೇತಾ ಬಾಗಿಲಲ್ಲೇ ಕೇಳಿದಳು. "ಅಪ್ಪ, ಇವರ ಬೋಟು ಹೇಗುಂಟು?"

ನಾನು ಚಪ್ಪಲಿ ಬಿಡುವ ನೆಪದಲ್ಲಿ ಅಲ್ಲೇ ನಿಂತೆ.

"ಲಾಯ್ಕುಂಟು," ಎಂದರು ಮಾವ. ಎಂಟು ವರ್ಷದ ಮುಳ್ಳು ಕಳಚಿತು! ನನ್ನ ಎದೆ ಉಬ್ಬುವಷ್ಟರಲ್ಲಿ ಅವರು ಮೀನಿನ ಚೀಲ ಮಗಳ ಕೈಗಿತ್ತು, ಸತ್ಯವಂತರಾದ್ದರಿಂದ ಮಾತು ಪೂರ್ತಿ ಮಾಡಿದರು. "ಅಳಿಯಂದಿರು ಇಳಿದ ಮೇಲೆ."

ಆ ತಿರುಗುವ ಕುರ್ಚಿ ಈಗ ನಮ್ಮ ಹಾಲಿನಲ್ಲಿ, ಕತ್ತರಿಸಿದ ಕಾರ್ಪೆಟ್ಟಿನ ಮೇಲೆ ಇದೆ. ನೆಂಟರು ಕೇಳಿದರೆ, ನನ್ನ ಬೋಟಿನದು, ಮೀನು ಹಿಡಿಯಲು ಅದರಲ್ಲೇ ಕೂರುತ್ತೇನೆ ಎನ್ನುತ್ತೇನೆ.

"ಹೌದಾ?" ಎನ್ನುತ್ತಾರೆ.