ಆರತಿ ತಾಟಿನಲ್ಲಿ ಮೊಲ

ದೀಪಾವಳಿಯ ಪಾಡ್ವಾದಂದು, ಅಂದರೆ ಬಲಿಪಾಡ್ಯಮಿಯಂದು, ಹೆಂಡತಿ ಆರತಿ ಎತ್ತಿದಾಗ ತಾಟಿಗೆ ಸೀರೆ ಹಾಕದೆ ಸುಖವಾಗಿ ಬಾಳಿದ ಗಂಡ ಏಕಸಂಬಿಯಲ್ಲಿ ಇನ್ನೂ ಹುಟ್ಟಿಲ್ಲ. ಆ ಕೀರ್ತಿಗೆ ತಾನೇ ಯಾಕೆ ಭಾಜನನಾಗಬಾರದು ಎಂದು ಎರಡು ಸಾವಿರದ ಹದಿಮೂರರ ಹಬ್ಬಕ್ಕೆ ಮುಂಚೆ ಹಾಲೇಶನಿಗೆ ಅನಿಸಿತು. ಅವನದು ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವ ನೌಕರಿ. ಬೆಸುಗೆಯ ಕಡ್ಡಿ ಕೈಗೆ ಬಂತೆಂದರೆ ಮಾತ್ರ ತಾನು ಮಹಾವಿಜ್ಞಾನಿ ಎಂಬ ಭ್ರಮೆ.

ಹೆಂಡತಿ ಉಜ್ವಲಾಳಿಗೆ ನಿಪ್ಪಾಣಿಯ ತವರಿನಲ್ಲಿ ಟಿವಿಗೆ ಜೋಡಿಸಿ ಆಡುವ ಗೇಮೊಂದಿತ್ತು. ಮೊಲ ಬೇಲಿ ಹಾರುತ್ತ ಹಾರುತ್ತ ಗಜ್ಜರಿ ತಿನ್ನುವ ಆಟ. ಮದುವೆಯಾದಾಗಿನಿಂದ ಅವಳು ಆ ಮೊಲವನ್ನು ನೆನೆದಷ್ಟು ಗಂಡನನ್ನು ನೆನೆದಿಲ್ಲ. (ಗಂಡ ಎದುರಿಗೇ ಬಿದ್ದಿರುತ್ತಾನೆ, ನೆನೆಯುವ ಮಾತೆಲ್ಲಿ ಬಂತು ಎಂಬುದು ಅವಳ ವಾದ.) ಯಂತ್ರವೇನೋ ಅವಳ ಜೊತೆ ಗಂಡನ ಮನೆಗೆ ಬಂದಿತ್ತು. ಆ ಆಟದ ಕ್ಯಾಸೆಟ್ ಮಾತ್ರ ಕೆಟ್ಟು ಎಷ್ಟೋ ಕಾಲವಾಗಿತ್ತು. ಅಂಗಡಿಯಲ್ಲಿ ಈಗ ಅದರ ಹೆಸರು ಹೇಳಿದರೆ ನಗುತ್ತಿದ್ದರು. ಸರಿ, ಹಾಲೇಶ ಬೇರೊಂದು ಹಳೆಯ ಕ್ಯಾಸೆಟ್ಟಿನ ಹೊಟ್ಟೆ ಬಗೆದ. ಚಿಕ್ಕೋಡಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಗೆಳೆಯ ಮಾಳಸಿದ್ದ ಆ ಆಟವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ, ಚಿಪ್ಪಿಗೆ ತುಂಬಿಕೊಟ್ಟ. ಇನ್ನು ಅದನ್ನು ಬೆಸೆದು ಕೂರಿಸುವುದಷ್ಟೇ ಬಾಕಿ ಎಂದು ಹಾಲೇಶ ಸೀರೆಯ ಮಾತನ್ನೇ ಬಿಟ್ಟ.

ಮೊದಲ ಸಲ ಹಾಕಿದಾಗ ಟಿವಿಯ ತುಂಬ ಬೂದಿ ಬಣ್ಣ. ಚಿಪ್ಪಿನ ಕಾಲುಗಳನ್ನು ಮತ್ತೆ ಬೆಸೆದ, ಅಡ್ಡಗೆರೆ ಬಂದವು. ಇನ್ನೊಮ್ಮೆ ಬೆಸೆದ, ಮೊಲದ ಕಿವಿ ಕಾಣಿಸಿತು, ಮೊಲ ಬರಲಿಲ್ಲ.

"ಹಾಲ್ಯಾ, ಮನಿ ತುಂಬ ಹೊಗಿ ಎಬ್ಬಿಸಿ ಏನ ಮಾಡಾಕತ್ತಿಯೋ?" ಎಂದಳು ತಾಯಿ ಲಗಮವ್ವ.

"ಪಾಡ್ವಾಕ್ಕ ಗೊತ್ತಾಗತೈತಿ ಬಿಡಬೇ."

"ಏನರ ಮಾಡು, ದೇವರನ್ನ ನೆನಸಿ ಮಾಡು."

ಇದನ್ನು ಹಾಲೇಶನಿಗೆ ಹೇಳಬೇಕೆ? ಆಡು ಈದರೂ, ಬೈಕು ತಂದರೂ ಬೀರದೇವರ ಭಂಡಾರ, ಅಂದರೆ ದೇವರ ಅರಿಶಿನದ ಪುಡಿ, ಹಚ್ಚದೆ ಮುಂದಿನ ಹೆಜ್ಜೆ ಇಡದ ಮನೆತನ ಅದು. ಅವನೂ ಪ್ರತಿ ಸಲ ಕ್ಯಾಸೆಟ್ಟಿನ ಹಲ್ಲಿಗೆ, ಅಂದರೆ ತುದಿಯ ಪಿನ್ನುಗಳಿಗೆ, ಚಿಟಿಕೆ ಭಂಡಾರ ಸವರಿ, "ಚಾಂಗಭಲೋ!" ಎಂದು ದೇವರಿಗೆ ಜಯಕಾರ ಹಾಕಿ ಯಂತ್ರಕ್ಕೆ ತುರುಕುತ್ತಿದ್ದ. ಆಟ ಕೆಟ್ಟಷ್ಟೂ ಭಕ್ತಿ ಹೆಚ್ಚಿತು, ಭಕ್ತಿ ಹೆಚ್ಚಿದಷ್ಟೂ ಭಂಡಾರ ಹೆಚ್ಚಿತು. ಕೊನೆಗೆ ಯಂತ್ರದ ಬಾಯಿಗೂ ಒಂದು ಹಿಡಿ ಅರ್ಪಿಸಿದ.

ಹಬ್ಬದ ಹಿಂದಿನ ದಿನ ಮಾಳಸಿದ್ದನಿಗೆ ಫೋನು ಹಚ್ಚಿದ.

"ಪಿನ್ನ ಒರಸಿದೇನಲೇ?" ಎಂದು ಮಾಳಸಿದ್ದ ಕೇಳಿದ.

"ಸ್ಪಿರಿಟ್ ಹಾಕಿ ಒರಸೇನಿ. ಮ್ಯಾಲೆ ದೇವರ ಹೆಸರ ತಗೊಂಡ ಹಾಕೇನಿ."

"ಹಂಗಾರ ಚಿಪ್ಪ ಸತ್ತೈತಿ. ಸುಮ್ಮನ ಸೀರಿ ತಗೋ."

ಪಾಡ್ವಾದ ಬೆಳಿಗ್ಗೆ ಸೀರೆ ಅಂಗಡಿಗೆ ಓಡೋಣವೆಂದರೆ ಉಜ್ವಲಾ ಆಗಲೇ ಮಣೆ ಹಾಕಿ, ಸುತ್ತ ರಂಗೋಲಿ ಬಿಟ್ಟು ಕಾದಿದ್ದಳು. ಹಾಲೇಶ ಗಲ್ಲಿಗೇರುವವನ ಹಾಗೆ ಮಣೆ ಏರಿದ. ಆರತಿ ಮುಗಿಯಿತು. ತಾಟು ಅವನ ಮುಂದೆಯೇ ನಿಂತಿತು. ಬೇರೆ ದಾರಿ ಕಾಣದೆ ಜೇಬಿನಿಂದ ಕ್ಯಾಸೆಟ್ಟನ್ನು ತೆಗೆದು ಅದರಲ್ಲಿಟ್ಟ.

"ಇದೇನ್ರಿ?"

"ನಿನ್ನ ಮೊಲ."

"ಎಲ್ಲೈತಿ?"

"ಒಳಗೈತಿ. ಹೊರಗ ಬರವಲ್ದು."

ಉಜ್ವಲಾ ಕ್ಯಾಸೆಟ್ಟನ್ನು ಮೂಗಿನ ಹತ್ತಿರ ಹಿಡಿದಳು. "ಅಯ್ಯ, ಇದಕ್ಕ ಇಷ್ಟ ಅರಿಶಿಣ ಹಚ್ಚೀರಲ್ಲ, ಇದೇನ ಮದಿವಿ ಗಂಡೇನು?" ಎಂದವಳೇ ಹಳೆಯ ಹಲ್ಲುಜ್ಜುವ ಬ್ರಷ್ ತಂದು ಕ್ಯಾಸೆಟ್ಟಿನ ಹಲ್ಲನ್ನೂ ಯಂತ್ರದ ಬಾಯನ್ನೂ ತಿಕ್ಕಿ, ಸೆರಗಿನಿಂದ ಒರೆಸಿ, ಗುಂಡಿ ಒತ್ತಿದಳು. ಟಿವಿಯ ಮೇಲೆ ಮೊಲ ಇಡೀ ಮೈಯೊಂದಿಗೆ ಬಂದು ನಿಂತಿತು. ಚಿಪ್ಪು, ಬೆಸುಗೆ, ಮಾಳಸಿದ್ದ, ಏಕಸಂಬಿಯ ಕರೆಂಟು, ಎಲ್ಲವನ್ನೂ ಸಂಶಯಿಸಿದ್ದ ಹಾಲೇಶ ಭಂಡಾರವೊಂದನ್ನು ಬಿಟ್ಟಿದ್ದ.

"ಭಂಡಾರ ಹಣಿಗೆ ಹಚ್ಚತಾರೋ ಹುಚ್ಚಾ, ಬಾಯಾಗ ತುರುಕತಾರೇನು?" ಎಂದಳು ಲಗಮವ್ವ.

ಉಜ್ವಲಾ ಮಾತ್ರ ನಗಲಿಲ್ಲ. ಅವಳ ಕಣ್ಣು ತುಂಬಿದ್ದವು. "ಸೀರಿ ಎಲ್ಲಾರೂ ಕೊಡತಾರ್ರಿ. ನನ್ನ ಮೊಲಾ ನೀವಲ್ಲದ ಯಾರ ತಂದ ಕೊಡತಿದ್ರು?" ಎಂದಳು. ಹಾಲೇಶ, ತನ್ನ ಪೆದ್ದುತನವನ್ನು ಸೆರಗಿನಿಂದ ಒರೆಸಿಬಿಡುವ ಹೆಂಡತಿ ಸಿಕ್ಕಿದ್ದು ಯಾವ ಜನ್ಮದ ಪುಣ್ಯವೋ ಎಂದು ಮನಸ್ಸಿನಲ್ಲೇ ದೇವರಿಗೆ ಕೈಮುಗಿದ, ಈ ಸಲ ಬರಿಗೈಯಲ್ಲಿ.

ಅವಳು ಆಟದ ಯಂತ್ರದ ಒಂದು ರಿಮೋಟ್ ಹಿಡಿದು, ಇನ್ನೊಂದನ್ನು ಅವನ ಕೈಗಿಟ್ಟಳು. "ನೀವೂ ಆಡ್ರಿ. ಒತ್ರಿ, ಜಿಗೀತೈತಿ."

ಹಾಲೇಶ ಒತ್ತಿದ. ಮೊಲ ಜಿಗಿಯಿತು. ಮತ್ತೆ ಒತ್ತಿದ, ಗಜ್ಜರಿ ತಿಂದಿತು. "ನನ್ನ ಮಗಾ ಎಷ್ಟ ಚಂದ ಜಿಗಸ್ತಾನ ನೋಡ!" ಎಂದು ಲಗಮವ್ವ ಹಿಗ್ಗಿದಳು. ಹಾಲೇಶ ಎದೆಯುಬ್ಬಿಸಿ ಸ್ವಲ್ಪ ಸರಿದು ಕುಳಿತಾಗ ಕಾಲಿಗೆ ಏನೋ ತಾಗಿತು. ನೋಡಿದರೆ ಅವನ ರಿಮೋಟಿನ ವಾಯರಿನ ತುದಿ ಮಣೆಯ ಪಕ್ಕದಲ್ಲಿ ಅನಾಥವಾಗಿ ಬಿದ್ದಿದೆ.

"ಉಜ್ವಲಾ, ಇದನ್ನ ಚುಚ್ಚೇ ಇಲ್ಲಲ್ಲ?"

ಅವಳು ಟಿವಿಯಿಂದ ಕಣ್ಣು ಕೀಳಲಿಲ್ಲ. "ಗೊತ್ತೈತ್ರಿ. ತವರಿನ್ಯಾಗ ನಮ್ಮ ಅಣ್ಣ ವಿಕ್ರಾಂತದಾದಾ ನನಗ ಹಿಂಗ ಆಡಸ್ತಿದ್ದ. ನನ್ನ ಕೈಯಾಗ ಮೊಲಾ ಖರೇನ ಜಿಗದದ್ದು ಇವತ್ತ ಮೊದಲ. ನನಗ ತಿಳ್ಯಾಕ ಎರಡ ವರ್ಷ ಹಿಡದಿತ್ತು, ನೀವ ಶಾಣ್ಯಾರ, ಲಗೂ ಹಿಡದ್ರಿ. ಈಗ ಒತ್ತಕೋತ ಇರ್ರಿ, ಅತ್ತಿ ನೋಡಾಕತ್ತಾರ."

ಹಾಲೇಶ ಒತ್ತುತ್ತಲೇ ಇದ್ದ. ಮೊಲ ಎಲ್ಲಕ್ಕಿಂತ ಎತ್ತರದ ಬೇಲಿ ಹಾರಿದಾಗ ಲಗಮವ್ವ ಮಗನ ಬಾಯಿಗೆ ಒಂದು ಚಕ್ಕಲಿ ಇಟ್ಟಳು. ಅವನು ಚಕ್ಕಲಿ ಕಡಿಯುತ್ತ ಇನ್ನೊಮ್ಮೆ ಒತ್ತಿದ.