ಕೇಡ್‌ನನ್ನು ಅತ್ತೆಯ ತಲೆಗೆ ಕಟ್ಟಹೊರಟದ್ದು

ಥ್ಯಾಂಕ್ಸ್‌ಗಿವಿಂಗ್ ಹಬ್ಬದೊಳಗೆ ಕೇಡ್ ರಾಲಿನ್ಸ್‌ನನ್ನು ನನ್ನ ಅತ್ತೆಯ ತಲೆಗೆ ಕಟ್ಟಿಯೇ ತೀರುತ್ತೇನೆ ಎಂದು ಅಕ್ಟೋಬರಿನ ಒಂದು ಭಾನುವಾರ ಕಾಫಿ ಕುಡಿಯುತ್ತಾ ನಾನು ಘೋಷಿಸಿದೆ. ಮಹಾಸಾಮ್ರಾಜ್ಯಗಳು ಇಂಥ ನಿರ್ಧಾರಗಳಿಂದಲೇ ಹುಟ್ಟಿರುವುದು. ನನ್ನ ಹೆಂಡತಿ ಕಾರ್ಲಾ ಮಾತ್ರ ಪೇಪರಿನಿಂದ ತಲೆ ಎತ್ತದೆ, "ಅಮ್ಮನಿಗೆ ಟೋಪಿ ಹಾಕೋಕೆ ಹೊರಟಿದೀಯಾ? ಮೊದ್ಲು ನಿನ್ನ ತಲೆ ಅಳತೆ ತೆಗೆಸ್ಕೊಂಡು ಬಾ" ಎಂದಳು.

ಇದು ನಮ್ಮ ಶೆಬಾಯ್ಗನ್ ಊರಿನ ಹತ್ತು ಜನ ಸೇರಿ ಆಡುವ ಕಲ್ಪನೆಯ ಫುಟ್ಬಾಲು, ಅದೂ ಕೈಯಲ್ಲಿ ಚೆಂಡೆಸೆದು ಆಡುವ ಅಮೆರಿಕದ ಫುಟ್ಬಾಲು. ದೇಶದ ನಿಜವಾದ ಆಟಗಾರರನ್ನು ನಾವು ನಮ್ಮ ನಮ್ಮ ತಂಡಗಳಿಗೆ ಹಂಚಿಕೊಳ್ಳುತ್ತೇವೆ. ಅವರು ಅಲ್ಲಿ ಮೈದಾನದಲ್ಲಿ ಮೂಳೆ ಮುರಿದುಕೊಂಡು ಆಡಿದರೆ ಇಲ್ಲಿ ಸೋಫಾದ ಮೇಲೆ ಕೂತ ನಮಗೆ ಅಂಕ. ನಮ್ಮದು ವಂಶಪಾರಂಪರ್ಯದ ಪದ್ಧತಿ. ಒಮ್ಮೆ ಆರಿಸಿಕೊಂಡವನು ವರ್ಷ ಕಳೆದರೂ ನಮ್ಮವನೇ; ಬೇಡವಾದರೆ ಇನ್ನೊಬ್ಬರ ಜೊತೆ ಅದಲುಬದಲು ಮಾಡಿಕೊಳ್ಳಬೇಕು. ಮಾವ ತೀರಿಕೊಂಡ ಮೇಲೆ ಅವರ ತಂಡ ಅತ್ತೆಯವರಿಗೆ ಬಂತು. ಚರ್ಚಿನ ಹೊಲಿಗೆ ಗುಂಪಿನಲ್ಲಿ ಹೊತ್ತು ಹೋಗುವುದಿಲ್ಲವೆಂದು ನಮ್ಮ ಅತ್ತೆ ಆರ್ಡಿಸ್ ಅದನ್ನು ವಹಿಸಿಕೊಂಡರು. ಅಂದಿನಿಂದ ವರ್ಷವರ್ಷ ಗೆದ್ದವರಿಗೆ ಕೊಡುವ ನಮ್ಮ ಕಪ್ಪು ಅವರ ಮನೆಯ ಷೋಕೇಸಿನಿಂದ ಹೊರಗೆ ಬಂದದ್ದು ಒರೆಸುವುದಕ್ಕೆ ಮಾತ್ರ.

ಕೇಡ್ ನನ್ನ ಕ್ವಾರ್ಟರ್‌ಬ್ಯಾಕು, ಅಂದರೆ ಚೆಂಡೆಸೆಯುವ ಮುಖ್ಯಸ್ಥ. ಪ್ರಾಯ ಇಪ್ಪತ್ಮೂರು. ಅವನ ಕೈ ಅಪ್ಪಟ ಚಿನ್ನ. ಕೈ ಕೊಡುವುದರಲ್ಲಿಯೂ ಅಷ್ಟೇ. ಒಂದು ವಾರ ಚೆಂಡನ್ನು ಆಕಾಶದಿಂದ ಇಳಿಸಿ ಗೆಳೆಯನ ಎದೆಗೆ ಅಂಟಿಸುತ್ತಿದ್ದ, ಮರುವಾರ ಅದೇ ಪ್ರೀತಿಯಿಂದ ಎದುರಾಳಿಯ ಎದೆಗೆ. ಮೈಮೇಲೆ ಬರುವವರಿಂದ ತಪ್ಪಿಸಿಕೊಳ್ಳುವ ಬದಲು ಅವರ ತಲೆಯ ಮೇಲಿಂದ ಹಾರುವುದು ಅವನ ಶೋಕಿ. ಅವನನ್ನು ಮೂರು ವರ್ಷ ಸಾಕಿದ್ದರಲ್ಲಿ ನನ್ನ ತಲೆಯ ಅರ್ಧ ಕೂದಲು ಹೋಗಿತ್ತು. ಉಳಿದ ಅರ್ಧ ಉಳಿಸಿಕೊಳ್ಳಬೇಕಾದರೆ ಅವನನ್ನು ಸಾಗಹಾಕಲೇಬೇಕಿತ್ತು.

ನನ್ನ ಉಪಾಯ ಸರಳವಾಗಿತ್ತು. ಅತ್ತೆಯ ಅಡುಗೆಮನೆಗೆ ಹೋಗಿ, ಅವರು ಸೇಬಿನ ಪೈಗೆ ಹಿಟ್ಟು ಲಟ್ಟಿಸುತ್ತಿರುವಾಗ ಕೇಡ್‌ನ ಗುಣಗಾನ ಶುರು ಮಾಡಿದೆ. ಇಂಥ ಹುಡುಗ ತಲೆಮಾರಿಗೊಬ್ಬ, ನಾನಂತೂ ಪ್ರಾಣ ಹೋದರೂ ಬಿಡುವುದಿಲ್ಲ ಎಂದೆಲ್ಲ ಹೇಳಿದೆ. ಅವರು ಆಗಾಗ "ಹೌದಾ" ಎನ್ನುತ್ತಾ ಹಿಟ್ಟು ತಿರುವಿ ಹಾಕಿದರು. ಮೀನು ಗಾಳದ ಸುತ್ತ ಸುಳಿಯುತ್ತಿದೆ ಎಂದು ನಾನು ಮನೆಗೆ ಬಂದೆ. ಬರುವ ದಾರಿಯಲ್ಲಿ ಅಭ್ಯಾಸಕ್ಕಿರಲೆಂದು ಕ್ಷೌರದಂಗಡಿಯಲ್ಲಿಯೂ ಅದೇ ಗುಣಗಾನ ಮಾಡಿದೆ.

ಸುದ್ದಿ ಮೊದಲು ಮುಟ್ಟಿದ್ದು ನಾರ್ಬರ್ಟ್‌ಗೆ. ಅವನದು ಸಾಸೇಜಿನ ಅಂಗಡಿ. ಈ ವರ್ಷ ಮೊದಲ ಸ್ಥಾನದಲ್ಲಿ ಅತ್ತೆಯವರ ಸಮಕ್ಕೆ ನಿಂತವನು ಅವನೊಬ್ಬನೇ. ಆದರೆ ಅವನ ಚೆಂಡೆಸೆಯುವವನ ಭುಜ ಆ ವಾರವೇ ಉಳುಕಿತ್ತು. ನಾರ್ಬರ್ಟ್ ಕೌಂಟರಿನ ಮೇಲೆ ಬಾಗಿ, ಕೇಡ್‌ನನ್ನು ಕೊಟ್ಟರೆ ತನ್ನ ಒಬ್ಬ ಒಳ್ಳೆಯ ಓಟಗಾರನನ್ನು ಕೊಡುವುದಾಗಿಯೂ, ಮೇಲೆ ಚಳಿಗಾಲ ಪೂರ್ತಿ ಸಾಸೇಜಿಗೆ ತಕ್ಕಡಿಯನ್ನೇ ಮುಟ್ಟುವುದಿಲ್ಲ, ಕಾಸೂ ಕೇಳುವುದಿಲ್ಲವೆಂದೂ ಪಿಸುಗುಟ್ಟಿದ. ನನ್ನ ಬಾಯಲ್ಲಿ ನೀರೂರಿತು. ಆದರೂ ದೊಡ್ಡ ವ್ಯಾಪಾರಿಗಳ ಧಾಟಿಯಲ್ಲಿ, ಯೋಚಿಸಿ ಹೇಳುತ್ತೇನೆ ಎಂದೆ.

ಅದೇ ಸಂಜೆ ಅತ್ತೆಯವರ ಫೋನ್ ಬಂತು. ಅವರು ಅದಕ್ಕಿಂತ ಹೆಚ್ಚು ಕೊಡಲು ಸಿದ್ಧರಿದ್ದರು: ವರ್ಷಗಟ್ಟಲೆ ತಪ್ಪದೆ ಅಂಕ ತರುತ್ತಿರುವ ಒಬ್ಬ ಅನುಭವಸ್ಥ ಕ್ವಾರ್ಟರ್‌ಬ್ಯಾಕು, ಜೊತೆಗೆ ಮುಂದಿನ ವರ್ಷ ಹೊಸಬರಲ್ಲಿ ಮೊದಲು ಆರಿಸುವ ಹಕ್ಕು. ಅವಸರವೇನಿಲ್ಲ, ಈ ವರ್ಷದ ಅದಲುಬದಲಿಗೆ ಹಬ್ಬದ ಸಂಜೆ ಗಡುವು, ಅದರೊಳಗೆ ಹೇಳಿದರೆ ಸಾಕು ಎಂದರು. ನಾನು ತಕ್ಷಣ ನಾರ್ಬರ್ಟ್‌ಗೆ ಆಗುವುದಿಲ್ಲ ಎಂದು ಹೇಳಿಬಿಟ್ಟೆ. ಪಾಪ, ಅವನು ಬೇರೆ ದಾರಿಯಿಲ್ಲದೆ ಇನ್ನೊಬ್ಬರಿಂದ ನಲವತ್ತರ ಮುದುಕನೊಬ್ಬನನ್ನು ತಂದುಕೊಂಡ.

ಇಲ್ಲಿಗೆ ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನೊಳಗಿನ ಪಂಡಿತ ಎದ್ದು ಕೂತ. ಆರ್ಡಿಸ್‌ರಂಥ ಆರ್ಡಿಸ್ ಇಷ್ಟೊಂದು ಕೊಡುತ್ತಾರೆಂದರೆ ಆ ಹುಡುಗನಲ್ಲಿ ನನಗೆ ಕಾಣದ ಏನೋ ಅವರಿಗೆ ಕಂಡಿರಬೇಕು! ಸಾಲದು ಎಂದೆ. ಅವರು ಇನ್ನೊಬ್ಬ ಓಟಗಾರನನ್ನು ಸೇರಿಸಿದರು. ನನ್ನ ಅನುಮಾನ ನಂಬಿಕೆಯಾಯಿತು. ಅಲ್ಲಿಯವರೆಗೆ ನಾನೇ ಕಟ್ಟಿದ್ದ ಸುಳ್ಳು ಹೊಗಳಿಕೆಯನ್ನು ನಾನೇ ನಂಬಿ, ಕಾರ್ಲಾಳಿಗೆ ಊಟದ ಹೊತ್ತಿನಲ್ಲಿ ಅದನ್ನೇ ಒಪ್ಪಿಸತೊಡಗಿದೆ.

"ಮಾರ್ತೀನಿ ಅಂತ ಹೊರಟವನು ನೀನೇ ಅಲ್ವಾ?" ಎಂದಳು.

"ಆಗ ನನಗೆ ಅವನ ಬೆಲೆ ಗೊತ್ತಿರ್ಲಿಲ್ಲ."

"ಬೆಲೆ ಹೇಳಿದ್ದೂ ನೀನೇ."

ಹಬ್ಬ ಬಂತು. ಥ್ಯಾಂಕ್ಸ್‌ಗಿವಿಂಗ್‌ಗೆ ನಮ್ಮ ಮನೆಯಲ್ಲಿ ಇಡೀ ಬಳಗ. ಹಬ್ಬದೂಟದ ಟರ್ಕಿ ಕೋಳಿಯನ್ನು ಈ ಸಲ ಒಲೆಯೊಳಗಿಟ್ಟು ಬೇಯಿಸುವುದು ಬೇಡ, ಅಂಗಳದಲ್ಲಿ ದೊಡ್ಡ ಪಾತ್ರೆಗೆ ಎಣ್ಣೆ ಹಾಕಿ ಇಡಿಯಾಗಿ ಕರಿಯುತ್ತೇನೆ, ಯಾರೂ ಕೈ ಹಾಕಬೇಡಿ ಎಂದು ನಾನು ಮೊದಲೇ ಅಪ್ಪಣೆ ಮಾಡಿದ್ದೆ. ಟರ್ಕಿಯನ್ನು ಎಣ್ಣೆಗೆ ಇಳಿಸಿ, ಒಂದೇ ನಿಮಿಷ ಎಂದುಕೊಂಡು ಟೀವಿಯ ಮುಂದೆ ನಿಂತೆ. ಕೇಡ್‌ನ ಆಟ ನಡೆಯುತ್ತಿತ್ತು. ಮೊದಲನೆಯ ಎಸೆತ ಅರ್ಧ ಮೈದಾನ ದಾಟಿ ಸೀದಾ ಗೆಳೆಯನ ಕೈಗೆ ಬಿತ್ತು. ಎರಡನೆಯದು ಅದಕ್ಕಿಂತ ದೂರ. ನಾನು ಬಳಗದ ಕಡೆ ತಿರುಗಿ, ಸೌಟನ್ನು ರಾಜದಂಡದಂತೆ ಎತ್ತಿ ಹಿಡಿದು, "ಆರ್ಡಿಸ್, ನಿಮ್ಮ ಇಡೀ ತಂಡ ಕೊಟ್ರೂ ಈ ಹುಡುಗನ್ನ ಕೊಡಲ್ಲ" ಎಂದೆ. ಅತ್ತೆಯವರು ಸುಮ್ಮನೆ ತಲೆಯಾಡಿಸಿದರು.

ನಿಮಿಷ ಒಂದಕ್ಕೆ ನಿಲ್ಲಲಿಲ್ಲ. ಟರ್ಕಿ ನನ್ನ ತಲೆಯಿಂದ ಹಾರಿಹೋಗಿತ್ತು. ಹಾರಿದವನು ಇನ್ನೊಬ್ಬನಿದ್ದ. ಕೇಡ್ ಎದುರಿಗೆ ಬಂದ ಎಮ್ಮೆಯಂಥ ಇಬ್ಬರನ್ನು ನೋಡಿ, ಪಕ್ಕಕ್ಕೆ ಸರಿಯಲು ಮೈದಾನವೆಲ್ಲ ಖಾಲಿಯಿದ್ದರೂ, ಅವರ ತಲೆಯ ಮೇಲಿಂದ ಹಾರಿದ. ಒಬ್ಬನನ್ನು ದಾಟಿದ. ಎರಡನೆಯವನು ಎದ್ದು ನಿಂತ. ಕೆಳಗೆ ಬಂದಾಗ ಕೇಡ್‌ನ ಪಾದ ತಾನು ನೋಡಬೇಕಾದ ದಿಕ್ಕು ಬಿಟ್ಟು ಬೇರೆ ಕಡೆ ನೋಡುತ್ತಿತ್ತು. ಈ ವರ್ಷಕ್ಕೆ ಇವನ ಆಟ ಮುಗಿಯಿತು ಎಂದು ಟೀವಿಯವರು ಹೇಳುವ ಹೊತ್ತಿಗೆ ಕಿಟಕಿಯ ಆಚೆ ಕಪ್ಪು ಹೊಗೆ ಏಳುತ್ತಿತ್ತು, ಪಕ್ಕದ ಮನೆಯವರು ಫೋನ್ ಮಾಡಿ ಆಗಿತ್ತು.

ಅಗ್ನಿಶಾಮಕದವರು ಇಬ್ಬರು ಬಂದು ಗ್ಯಾಸು ಆರಿಸಿದರು. ಪಾತ್ರೆಯೊಳಗಿಂದ ನನ್ನ ಬೂಟಿನ ಬಣ್ಣದ, ಬೂಟಿಗಿಂತ ಸ್ವಲ್ಪ ದೊಡ್ಡದಾದ ವಸ್ತುವೊಂದನ್ನು ಎತ್ತಿ ಹಿಮದ ಮೇಲಿಟ್ಟರು. ಅವರಲ್ಲೊಬ್ಬ ಕಿಟಕಿಯಿಂದ ಟೀವಿ ನೋಡಿ, "ಅಯ್ಯೋ, ಕೇಡ್‌ನ ಇಟ್ಕೊಂಡಿರೋನ ಗತಿ ಏನಪ್ಪ" ಎಂದು ಮರುಗಿದ. ಆ ಗತಿ ಅವನ ಪಕ್ಕದಲ್ಲಿಯೇ ಸೌಟು ಹಿಡಿದು ನಿಂತಿತ್ತು.

ಹಸಿದ ಬಳಗಕ್ಕೆ ಏನು ಬಡಿಸುವುದೆಂದು ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಅತ್ತೆಯವರು ತಮ್ಮ ಕಾರಿನಿಂದ ಒಂದು ದೊಡ್ಡ ತಟ್ಟೆ ತಂದರು. ಅದರಲ್ಲಿ ಜೇನು ಸವರಿ ಬೇಯಿಸಿದ ಇಡೀ ಹಂದಿತೊಡೆ. ಟರ್ಕಿ ನಾನು ಕರಿಯುತ್ತೇನೆಂದು ಕೇಳಿದ ದಿನವೇ ಇದನ್ನು ಮಾಡುವುದೆಂದು ನಿಶ್ಚಯಿಸಿದ್ದರಂತೆ.

ಎಲ್ಲರೂ ಕೂತ ಮೇಲೆ ನಾನು ಗಂಟಲು ಸರಿಮಾಡಿಕೊಂಡೆ. ಗಡುವಿಗೆ ಇನ್ನೂ ಹೊತ್ತಿತ್ತು. ವ್ಯಾಪಾರಿಯಾದವನು ಧೈರ್ಯ ಬಿಡಬಾರದು.

"ಆರ್ಡಿಸ್, ನೀವು ಕೊಡ್ತೀನಿ ಅಂದಿದ್ರಲ್ಲ, ಅದು ಈಗ್ಲೂ ಇದೆಯಾ? ಕಾಲು ವಾಸಿಯಾಗತ್ತೆ, ಹುಡುಗನಿಗೆ ಇನ್ನೂ ಇಪ್ಪತ್ಮೂರು."

ಅತ್ತೆಯವರು ಮಾಂಸ ಕೊಯ್ಯುವುದನ್ನು ನಿಲ್ಲಿಸಲಿಲ್ಲ. "ಆ ಹುಡುಗ ನನಗ್ಯಾವತ್ತು ಬೇಕಾಗಿದ್ದ, ಲೋವೆಲ್? ಅವನು ನಾರ್ಬರ್ಟ್ ಕೈಗೆ ಹೋಗಬಾರ್ದಿತ್ತು, ಅಷ್ಟೇ. ನಿನ್ನ ಹತ್ರ ಇದ್ರೆ ಯಾರಿಗೂ ಅಪಾಯ ಇಲ್ಲ."

ಮೇಜಿನ ಸುತ್ತ ಎಲ್ಲರೂ ಆಲೂಗಡ್ಡೆಯನ್ನು ಬಹಳ ಗಮನವಿಟ್ಟು ತಿನ್ನತೊಡಗಿದರು.

"ಅಕಸ್ಮಾತ್ ನಾನು ಒಪ್ಕೊಂಡುಬಿಟ್ಟಿದ್ರೆ?" ಎಂದೆ.

"ನೀನಾ? ನಾನು ಹೇಳಿದ್ದಕ್ಕೆ ನೀನು ಒಂದೇ ಮಾತಿಗೆ ಹೂಂ ಅಂದದ್ದು ಜೀವನದಲ್ಲಿ ಒಂದೇ ಸಲ. ಕಾರ್ಲಾನ ಮದುವೆ ಆಗ್ತೀಯಾ ಅಂತ ಕೇಳಿದಾಗ."

ನನ್ನ ಎದೆ ಮತ್ತೆ ಉಬ್ಬಿತು. ಒಂದಾದರೂ ವ್ಯಾಪಾರದಲ್ಲಿ ಗೆದ್ದವನು ನಾನು! ಹೆಮ್ಮೆಯಿಂದ ಹೆಂಡತಿಯ ಕಡೆ ನೋಡಿದೆ. ಕಾರ್ಲಾ ನನ್ನ ತಟ್ಟೆಗೆ ಒಂದು ತುಂಡು ಹಾಕುತ್ತಾ ಹೇಳಿದಳು:

"ಅದಾದ್ಮೇಲೆ ಅಮ್ಮ ಯಾರ ಜೊತೆಗೂ ಅವಸರದ ವ್ಯಾಪಾರ ಮಾಡಿಲ್ಲ."